ರೇಣುಕಪ್ರಸಾದರ ಫಾರ್ಟಿ ಫೈವ್

ಕುಶಾಲನಗರದಲ್ಲಿ ಬಿತ್ತನೆ ಶುಂಠಿ ಮತ್ತು ಗೊಬ್ಬರದ ಅಂಗಡಿ ಇಟ್ಟಿರುವ ರೇಣುಕಪ್ರಸಾದರನ್ನು ನೋಡಿದವರು, ಇವರ ಬಳಿ ಪಿಸ್ತೂಲು ಇದೆಯೆಂದರೆ ನಗುತ್ತಾರೆ. ಸಣ್ಣ ಆಳು. ಮಾತು ಮೆಲ್ಲಗೆ. ಬೆಳಿಗ್ಗೆ ಹಣೆಗೆ ಹಚ್ಚಿದ ವಿಭೂತಿ ಸಂಜೆ ಅಂಗಡಿಯ ಬಾಗಿಲು ಎಳೆಯುವವರೆಗೂ ಅಳಿಸಿರುವುದಿಲ್ಲ. ಗಿರಾಕಿ ಬೈದರೂ ತಿರುಗಿ ಬೈದವರಲ್ಲ. ಅಂಥವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಗಾಯದ ಕಲೆ ಇದೆ. ಪಿಸ್ತೂಲಿನ ಹಿಂದಿನ ಕೊಕ್ಕೆ ಕಚ್ಚಿ ಆದದ್ದು. ಬಹಳ ವರ್ಷ ಅವರು ಆ ಕಲೆಯನ್ನು ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದರು.

ಅವರ ತಂದೆ ರೇವಣ್ಣನವರು ಶನಿವಾರಸಂತೆಯ ಕಡೆಯ ಒಂದು ಹಳ್ಳಿಯಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದವರು. ಸುತ್ತಲಿನ ಮನೆಗಳಲ್ಲಿ ಕೋವಿ ಎಂದರೆ ಮನೆಯ ಸದಸ್ಯನಿದ್ದ ಹಾಗೆ. ಅದಕ್ಕೆ ಎಣ್ಣೆ, ಪೂಜೆ, ಗೋಡೆಯ ಮೇಲೆ ಒಂದು ಜಾಗ. ಹುಡುಗ ರೇಣುಕನಿಗೆ ಅದನ್ನು ಒಮ್ಮೆ ಮುಟ್ಟಬೇಕೆಂದು ಆಸೆ. ತಂದೆ ಬಿಡಲಿಲ್ಲ. "ಲಿಂಗ ಇರೋ ಎದೆಗೆ ಕೋವಿ ಹಿಡಿ ಒತ್ತಬೇಡ ಕಣಪ್ಪ" ಎಂದಿದ್ದರು. ಶಾಲೆಯಲ್ಲಿ ಜೊತೆಯ ಹುಡುಗರು ಹಂದಿ ಬೇಟೆ, ತೆಂಗಿನಕಾಯಿಗೆ ಗುರಿ, ಯಾರ ಮಾವನ ಕೋವಿ ಎಷ್ಟು ದೂರ ಹೊಡೆಯುತ್ತದೆ ಎಂದು ಮಾತಾಡುವಾಗ ಅಂಗಡಿ ರೇವಣ್ಣನ ಮಗ ಸುಮ್ಮನೆ ಕೇಳಿಸಿಕೊಂಡಿರಬೇಕಾಗಿತ್ತು. ಸುಮ್ಮನಿದ್ದ ಆ ಸಂಕಟ ದೊಡ್ಡವರಾದ ಮೇಲೂ ಅವರೊಳಗೆ ಉಳಿಯಿತು.

ತಂದೆ ತೀರಿಕೊಂಡ ಮೇಲೆ, ನಲವತ್ತೇಳನೆಯ ವಯಸ್ಸಿನಲ್ಲಿ, ಅವರಿಗೆ ಆ ಪಿಸ್ತೂಲು ಸಿಕ್ಕಿತು. ಬಿಟ್ಟಂಗಾಲದ ಕಾಫಿ ಬೆಳೆಗಾರ, ನಿವೃತ್ತ ಮೇಜರ್ ಬೋಜಪ್ಪನವರು ಗೊಬ್ಬರಕ್ಕೆಂದು ಬಂದು ಬಂದು ಸ್ನೇಹಿತರಾಗಿದ್ದರು. ಅವರ ತಂದೆ ಬರ್ಮಾ ಯುದ್ಧದಿಂದ ತಂದಿದ್ದ ಹಳೆಯ ಅಮೆರಿಕನ್ ಪಿಸ್ತೂಲು ಅದು. ಬೋಜಪ್ಪನವರ ಕೈ ಆಗಲೇ ಸ್ವಲ್ಪ ನಡುಗುತ್ತಿತ್ತು. "ಇದನ್ನ ನೋಡ್ಕೊಳ್ಳೋರು ಬೇಕು ರೇಣುಕಾ. ತಗೊಂಡು ಪೆಟ್ಟಿಗೇಲಿ ಇಡೋರಿಗೆ ಕೊಡಲ್ಲ" ಎಂದರು. ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಇರುವ ರಿಯಾಯಿತಿ ಪಿಸ್ತೂಲಿಗಿಲ್ಲ. ಲೈಸೆನ್ಸಿಗಾಗಿ ಮಡಿಕೇರಿಗೆ ಅಲೆದು ಅಲೆದು ರೇಣುಕಪ್ರಸಾದರ ಚಪ್ಪಲಿ ಸವೆಯಿತು. ಕೊನೆಗೆ ಅದು ಕೈಗೆ ಬಂದ ದಿನ ಹೆಂಡತಿ ಸರ್ವಮಂಗಳ ಕೇಳಿದರು, "ಮಾವ ಬೇಡ ಅಂದಿದ್ರಲ್ಲ?"

"ಇದನ್ನ ಎದೆಗೆ ಒತ್ತೋದಿಲ್ವಲ್ಲೇ" ಎಂದು ಅವರು ನಕ್ಕರು.

ಸರ್ವಮಂಗಳ ನಗಲಿಲ್ಲ. ಆಕೆ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಡಂ. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿದ್ದರೂ ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದವರು ಯಾರೆಂದು ಹೆಸರು ಹಿಡಿದು ಹೇಳುತ್ತಿದ್ದವರು. ಆಕೆಗೆ ಬೆನ್ನಲ್ಲೂ ಕಣ್ಣಿದೆಯೆಂದು ಮಕ್ಕಳು ನಂಬಿದ್ದರು.

ಪಿಸ್ತೂಲಿಗಿಂತ ಹೆಚ್ಚಾಗಿ ಜನ ಮಾತಾಡಿದ್ದು ಅದರ ಗುಂಡಿನ ಬಗ್ಗೆ. ಇಂಚಿನ ನೂರರಲ್ಲಿ ನಲವತ್ತೈದು ಭಾಗ ದಪ್ಪವಿದ್ದದ್ದರಿಂದ ಫಾರ್ಟಿ ಫೈವ್ ಎಂದೇ ಎಲ್ಲರ ಬಾಯಲ್ಲೂ ಅದರ ಹೆಸರು. ಕಿರುಬೆರಳಿನ ತುದಿಯಷ್ಟು ದಪ್ಪ, ಗಿಡ್ಡ, ಮೂತಿ ದುಂಡಗೆ. ಅಂಗೈಯಲ್ಲಿ ನಾಲ್ಕು ಇಟ್ಟರೆ ಕೈ ಕೆಳಗೆ ಜಗ್ಗುತ್ತದೆ. ಬೋಜಪ್ಪನವರ ಮನೆಯ ಜಗಲಿಯಲ್ಲಿ ಕೋವಿಪ್ರಿಯರು ಸೇರಿದಾಗಲೆಲ್ಲ ಅದರ ಪರ ವಿರೋಧ ವಾದ ನಡೆಯುತ್ತಿತ್ತು. ವಿರಾಜಪೇಟೆಯಿಂದ ಬರುತ್ತಿದ್ದ ದೇರಪ್ಪನವರ ಬಳಿ ಇದ್ದದ್ದು ಮೂವತ್ತೆರಡರ ಸಣ್ಣ ಗುಂಡಿನ ರಿವಾಲ್ವರ್. ಅವರು ಕಾಲು ಚಾಚಿ ಕೂತು ಹೇಳುತ್ತಿದ್ದರು:

"ಅದು ಪಿಸ್ತೂಲಾ ಮಾರಾಯ? ಕೈಯಲ್ಲಿ ಹಿಡ್ಕೊಂಡ ಫಿರಂಗಿ. ಗುಂಡು ಸಿಗಲ್ಲ. ಸಿಕ್ಕಿದ್ರೆ ಸಿಡಿಯಲ್ಲ. ಸಿಡಿದ್ರೆ ಗುರಿಗೆ ಹೋಗಲ್ಲ."

"ಹೋಗಿ ಬಿದ್ದಲ್ಲಿ ಎರಡನೇದು ಬೇಕಾಗಲ್ಲ" ಎಂದು ಬೋಜಪ್ಪನವರು ಮೀಸೆ ತಿರುವುತ್ತಿದ್ದರು.

ರೇಣುಕಪ್ರಸಾದರಿಗೆ ಎರಡೂ ನಿಜವೆನಿಸುತ್ತಿತ್ತು. ಗುಂಡು ಸಿಗುವುದೇ ಅಪರೂಪ. ಒಂದು ಡಬ್ಬಿಗಾಗಿ ಮೈಸೂರು, ಬೆಂಗಳೂರಿನ ಅಂಗಡಿಗಳಿಗೆ ತಿಂಗಳುಗಟ್ಟಲೆ ಫೋನು ಮಾಡಬೇಕು. ಹಳೆಯವು ಹಸಿರುಗಟ್ಟಿ ಕೆಲವೊಮ್ಮೆ ಠುಸ್ ಎನ್ನುತ್ತಿದ್ದವು. ನಾಲ್ಕು ಸಲ ಹಾರಿಸಿದರೆ ಮುಂಗೈ ಎರಡು ದಿನ ನೋಯುತ್ತದೆ, ಶುಂಠಿ ಮೂಟೆಯ ದಾರ ಕಟ್ಟಲಾಗುವುದಿಲ್ಲ. "ಈ ದರಿದ್ರದ್ದನ್ನ ಯಾಕಾದ್ರೂ ತಗೊಂಡ್ನೋ" ಎಂದು ಅವರು ಮನಸಾರೆ ಶಪಿಸಿದ್ದುಂಟು. ಆದರೆ ಆ ಸದ್ದು! ಬೇರೆಯವು ಚಟ್ ಎಂದರೆ ಇದು ಢಮ್ ಎನ್ನುತ್ತಿತ್ತು, ಎದೆಗೂಡು ಅದುರುವ ಹಾಗೆ. ಜನ್ಮವಿಡೀ ಮೆಲ್ಲಗೆ ಮಾತಾಡಿದ ಮನುಷ್ಯನಿಗೆ ಆ ಒಂದು ಕ್ಷಣ ಇಡೀ ಬೆಟ್ಟವೇ ತನ್ನ ಮಾತು ಕೇಳಿದಂತೆ ಅನಿಸುತ್ತಿತ್ತು. ಮೊದಲ ಸಲ ಹಾರಿಸಿದಾಗ ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಗಡಿ ರೇವಣ್ಣನ ಮಗನನ್ನು ಆ ಜನ ಹಾಗೆ ನೋಡಿದ್ದು ಅದೇ ಮೊದಲು.

ಪಿಸ್ತೂಲು ಬಂದು ನಾಲ್ಕು ವರ್ಷಕ್ಕೆ, 2015ರ ಜೂನ್ ತಿಂಗಳಲ್ಲಿ, ಅವರಿಗೊಂದು ಕಥೆಯೂ ಸಿಕ್ಕಿತು. ಅವರು ಅದನ್ನು ಹೇಳುತ್ತಿದ್ದ ರೀತಿ ಹೀಗೆ. ಬಂಧುಗಳ ಮನೆಯ ಮದುವೆಗೆಂದು ಗಂಡ ಹೆಂಡತಿ ಬೆಳಿಗ್ಗೆ ಬೇಗ ಜೀಪಿನಲ್ಲಿ ಹೊರಟಿದ್ದರು. ಸುಂಟಿಕೊಪ್ಪದ ಕಡೆ ಕಾಡಂಚಿನ ಎಸ್ಟೇಟ್ ರಸ್ತೆ. ತಿರುವಿನಲ್ಲಿ ಒಂಟಿ ಸಲಗ. ಕಿವಿ ಅಗಲಿಸಿ, ಸೊಂಡಿಲು ಎತ್ತಿ ನೇರ ಜೀಪಿನ ಮೇಲೇ ಬಂತು. ಹಿಂದೆ ಹೋಗಲು ಜಾಗವಿಲ್ಲ. ಪಕ್ಕದಲ್ಲಿ ಹೆಂಡತಿ. ರೇಣುಕಪ್ರಸಾದರು ಪಿಸ್ತೂಲು ತೆಗೆದು ಆಕಾಶಕ್ಕೆ ಒಂದೇ ಒಂದು ಗುಂಡು ಹಾರಿಸಿದರು. ಢಮ್! ಆನೆ ಗಕ್ಕನೆ ನಿಂತು, ಹಿಂದೆ ತಿರುಗಿ, ಕಾಫಿ ಗಿಡ ಮುರಿದುಕೊಂಡು ಓಡಿತು.

"ನಿನ್ನ ಮೂವತ್ತೆರಡಲ್ಲಿ ಆಗ್ತಿತ್ತಾ ದೇರಪ್ಪ?" ಎಂದು ಕೊನೆಗೆ ಕೇಳುತ್ತಿದ್ದರು. ದೇರಪ್ಪನವರು ತಲೆ ಅಲ್ಲಾಡಿಸಿ ಗ್ಲಾಸು ಎತ್ತುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ಈ ಕಥೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಹಲವು ಸಲ ಸರ್ವಮಂಗಳ ಅಲ್ಲೇ ಕೂತು ಕೇಳಿದ್ದರು.

2024ರ ಫೆಬ್ರವರಿಯಲ್ಲಿ ಬೋಜಪ್ಪನವರಿಗೆ ಎಂಬತ್ತು ತುಂಬಿತು. ಬಿಟ್ಟಂಗಾಲದ ಮನೆಯಲ್ಲಿ ಮಧ್ಯಾಹ್ನದ ಊಟ. ಅವರ ಹೆಂಡತಿ ಪೊನ್ನಮ್ಮ, ಸೈನ್ಯದ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು, ಹಂದಿಮಾಂಸ ಮುಟ್ಟದ ಈ ದಂಪತಿಗೆ ಅಕ್ಕಿರೊಟ್ಟಿ ಮತ್ತು ಕುಂಬಳಕಾಯಿ ಪಲ್ಯವನ್ನು ಬೇರೆಯೇ ಒಲೆಯಲ್ಲಿ ಮಾಡಿಸಿಟ್ಟಿದ್ದರು. ಊಟದ ಮೇಲೆ ಯಾರೋ ಕೇಳಿದರೆಂದು ರೇಣುಕಪ್ರಸಾದರು ಮತ್ತೆ ಆನೆಯ ಕಥೆ ಹೇಳಿದರು. ಎಲ್ಲರೂ ನಕ್ಕರು. ಕೈತೊಳೆಯಲು ಹಿತ್ತಿಲಿಗೆ ಹೋದಾಗ ಪೊನ್ನಮ್ಮ ಅವರನ್ನು ತಡೆದರು.

"ರೇಣುಕಾ, ಒಂದು ಮಾತು. ಮಂಗಳಾಗೆ ಬಲಗಿವಿ ಕೇಳೋದಿಲ್ಲ. ನಿಮಗೆ ಗೊತ್ತುಂಟಾ?"

"ಏನಕ್ಕಾ? ಇಲ್ಲಪ್ಪ. ಚೆನ್ನಾಗೇ ಕೇಳುತ್ತಲ್ಲ."

"ಪಕ್ಕದಲ್ಲೇ ಕೂತು ನಾನು ಮೂರು ಸಲ ಪಲ್ಯ ಹಾಕ್ಲಾ ಅಂತ ಕೇಳಿದೆ. ತಿರುಗಿಯೂ ನೋಡ್ಲಿಲ್ಲ. ಸಿಟ್ಟೇನೋ ಅಂದ್ಕೊಂಡೆ. ಆಮೇಲೆ ಎಡಗಡೆ ಬಂದು ಕೇಳಿದ್ರೆ ಚೆನ್ನಾಗಿ ಮಾತಾಡಿದ್ಲು. ನಾನು ಬಲಗಿವಿ ಹತ್ರ ಚಿಟಿಕೆ ಹೊಡೆದು ನೋಡಿದೆ. ಏನೂ ಇಲ್ಲ." ಪೊನ್ನಮ್ಮ ಸೆರಗಿನ ತುದಿಯಿಂದ ಕೈ ಒರೆಸಿಕೊಂಡರು. "ಯಾವಾಗಿಂದ ಅಂತ ಕೇಳಿದೆ. ಅವಳು ಹೇಳ್ಲಿಲ್ಲ. ನೀವು ಆನೆ ಕಥೆ ಹೇಳೋವಾಗ ಅವಳ ಮುಖ ನೋಡಿದೆ ನಾನು. ಯಾವಾಗಿಂದ ಅಂತ ಅಲ್ಲಿ ಗೊತ್ತಾಯ್ತು."

ರೇಣುಕಪ್ರಸಾದರ ಕೈ ನಲ್ಲಿಯ ಕೆಳಗೇ ಉಳಿಯಿತು.

ಮನೆಗೆ ವಾಪಸು ಹೊರಟಾಗ ಬಿಸಿಲಿತ್ತು. ಜೀಪು ಓಡಿಸುತ್ತ ಅವರು ಎಂದಿನಂತೆ ಮಾತಾಡಲು ಬಾಯಿ ತೆರೆದರು, ಮುಚ್ಚಿದರು. ಓಡಿಸುವವರು ಬಲಕ್ಕೆ, ಆಕೆ ಎಡಕ್ಕೆ. ಆಕೆಯ ಬಲಗಿವಿ ಯಾವಾಗಲೂ ಇವರ ಕಡೆಗೆ. ಈ ಜೀಪಿನಲ್ಲಿ ಒಂಬತ್ತು ವರ್ಷ ಅಂಗಡಿಯ ವಿಷಯ, ಶುಂಠಿಗೆ ಬಂದ ಕೊಳೆರೋಗ, ಮಗಳು ಶಾಂಭವಿಯ ಬಾಣಂತನ, ಎಲ್ಲವನ್ನೂ ಅವರು ಈ ಕಿವಿಗೇ ಹೇಳಿದ್ದರು. ಆಕೆ "ಹೂಂ" ಎನ್ನುತ್ತಿದ್ದರು. ಹೆಂಡತಿಗೆ ವಯಸ್ಸಾಗುತ್ತ ಮಾತು ಕಡಿಮೆಯಾಗಿದೆ ಎಂದುಕೊಂಡಿದ್ದರು ಇವರು.

ಸಣ್ಣ ದನಿಯಲ್ಲಿ, ರಸ್ತೆ ನೋಡುತ್ತಲೇ, "ಮಂಗಳಾ, ಬಾಗಿಲು ಸರಿಯಾಗಿ ಹಾಕಿಲ್ಲ ನೀನು" ಎಂದರು.

"ಹೂಂ" ಎಂದರು ಸರ್ವಮಂಗಳ. ಬಾಗಿಲ ಕಡೆ ನೋಡಲಿಲ್ಲ.

ಅವರು ಜೀಪು ಬದಿಗೆ ನಿಲ್ಲಿಸಿದರು. ಇಳಿದು, ಸುತ್ತು ಹಾಕಿ ಬಂದು, ಆಕೆಯ ಎಡಗಡೆ ಕಿಟಕಿಯ ಬಳಿ ನಿಂತರು. "ಪೊನ್ನಮ್ಮಕ್ಕ ಹೇಳಿದ್ರು" ಎಂದರು.

ಸರ್ವಮಂಗಳ ಅವರ ಕಡೆ ತಿರುಗಿದರು. "ಆ ದಿನದಿಂದ್ಲೇ" ಎಂದರು. "ಮದುವೆ ಮನೇಲಿ ಮಂತ್ರ ಒಂದು ಕಡೆಯಿಂದ ಮಾತ್ರ ಕೇಳ್ತಿತ್ತು."

"ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ದೆ."

ಹೇಳಿದ್ದರು. ರೇಣುಕಪ್ರಸಾದರಿಗೆ ಆಗ ನೆನಪಾಯಿತು. ಮದುವೆಯಿಂದ ಬಂದ ಮರುದಿನ ಬೆಳಿಗ್ಗೆ ಆಕೆ ಕಿವಿಯ ಮೇಲೆ ಅಂಗೈ ಒತ್ತಿಕೊಂಡು ಅಡುಗೆಮನೆಯಿಂದ ಬಂದಿದ್ದರು. "ಒಳಗೆ ಒಂದೇ ಸಮ ಗುಂಯ್ ಅಂತಿದೆ ರೀ. ಡಾಕ್ಟರ ಹತ್ರ ಹೋಗಿ ಬರೋಣ್ವಾ?" ಇವರಿಗೆ ಒಂದು ಕಡೆ ಹೆಮ್ಮೆ: "ನಂಗೂ ಹಂಗೇ ಇದೆ ಕಣೇ. ಎರಡು ದಿನದಲ್ಲಿ ಹೋಗುತ್ತೆ. ಫಾರ್ಟಿ ಫೈವ್ ಅಂದ್ರೆ ಸುಮ್ನೇನಾ?" ಇನ್ನೊಂದು ಕಡೆ ಹೆದರಿಕೆ. ಡಾಕ್ಟರು ಹೇಗಾಯಿತೆಂದು ಕೇಳುತ್ತಾರೆ. ಕಾಡಂಚಿನಲ್ಲಿ ಆನೆಯೆದುರು ಗುಂಡು ಹಾರಿಸಿದ್ದು ಅರಣ್ಯ ಇಲಾಖೆಯವರ ಕಿವಿಗೆ ಬಿದ್ದರೆ ಕೇಸು. ಲೈಸೆನ್ಸು ಹೋಗುತ್ತದೆ, ಪಿಸ್ತೂಲು ಹೋಗುತ್ತದೆ. "ಸದ್ಯಕ್ಕೆ ಬೇಡ" ಎಂದಿದ್ದರು. ವಾರ ಬಿಟ್ಟು ಆಕೆ ಮತ್ತೆ ಕೇಳಿದಾಗಲೂ "ಸ್ವಲ್ಪ ದಿನ ನೋಡೋಣ" ಎಂದಿದ್ದರು. ಮೂರನೆಯ ಸಲ ಆಕೆ ಕೇಳಲಿಲ್ಲ. ಗುಣವಾಯಿತೆಂದು ತಿಳಿದು ಇವರು ಮರೆತರು. ಅದೇ ತಿಂಗಳು ಜಗಲಿಯಲ್ಲಿ ಮೊದಲ ಬಾರಿ ಆನೆಯ ಕಥೆ ಹೇಳಿದರು.

ಕಿಟಕಿಯ ಬಳಿ ನಿಂತೇ ಕೇಳಿದರು, "ಸ್ಕೂಲು?"

ಸರ್ವಮಂಗಳ 2017ರಲ್ಲಿ, ಇನ್ನೂ ಹತ್ತು ವರ್ಷ ಸರ್ವಿಸು ಇರುವಾಗ, ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಮಂಡಿ ನೋವು, ನಿಂತು ಪಾಠ ಮಾಡಲು ಆಗುವುದಿಲ್ಲ ಎಂದಿದ್ದರು.

"ಮಂಡಿ ಚೆನ್ನಾಗೇ ಇದೆ" ಎಂದರು ಈಗ. "ಒಂದು ಕಿವಿ ಇಲ್ಲದಿದ್ರೆ ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ ರೀ. ಎಲ್ಲ ಎಡಗಡೆಯಿಂದ್ಲೇ ಬಂದ ಹಾಗೆ. ಬಲಗಡೆ ಬೆಂಚಲ್ಲಿ ಮಗು 'ಮೇಡಂ' ಅಂದ್ರೆ ನಾನು ಎಡಕ್ಕೆ ತಿರುಗ್ತಿದ್ದೆ. ಮಕ್ಕಳು ಕಂಡುಹಿಡಿದ್ರು. ಬೇಕಂತಲೇ ಕರೆಯೋರು, ನಾನು ತಪ್ಪು ಕಡೆ ತಿರುಗಿದ್ರೆ ನಗೋರು. ಮಕ್ಕಳ ತಪ್ಪಲ್ಲ ಅದು. ಆದ್ರೆ ಒಂದಿನ ಮೂರನೇ ಕ್ಲಾಸಿನ ಹುಡುಗಿ ಬಾತ್‌ರೂಮಿಗೆ ಹೋಗ್ಬೇಕು ಅಂತ ನಾಲ್ಕು ಸಲ ಕೇಳಿದ್ಳಂತೆ. ನಂಗೆ ಕೇಳ್ಲಿಲ್ಲ. ಪಾಪ, ಕೂತಲ್ಲೇ... ಎಲ್ಲರ ಎದುರು ಅತ್ತಳು. ಅವತ್ತೇ ಬಿಡ್ಬೇಕು ಅನ್ಕೊಂಡೆ."

ರೇಣುಕಪ್ರಸಾದರು ಜೀಪಿನ ಬಾಗಿಲು ಹಿಡಿದು ನಿಂತಿದ್ದರು. ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಆ ನಿವೃತ್ತಿಯ ದಿನ ತಾವು ಖುಷಿಪಟ್ಟಿದ್ದು ನೆನಪಾಯಿತು. ಮನೆಯಲ್ಲಿ ಬಿಸಿ ಊಟ ಸಿಗುತ್ತದೆ ಎಂದು ಯಾರಿಗೋ ಹೇಳಿದ್ದರು.

ಆಮೇಲೆ ಸರ್ವಮಂಗಳ ಒಂದು ಪ್ರಶ್ನೆ ಕೇಳಿದರು. "ಆನೆ ಬರ್ತಿತ್ತಾ ರೀ ಅವತ್ತು? ನಿಜವಾಗ್ಲೂ ನಮ್ಮ ಮೇಲೆ ಬರ್ತಿತ್ತಾ?"

"ಬರ್ತಿತ್ತು" ಎಂದರು ರೇಣುಕಪ್ರಸಾದರು. "ಇಲ್ಲದಿದ್ರೆ ಯಾಕೆ ಹೊಡೀತಿದ್ದೆ?"

ಆಕೆ "ಹೂಂ" ಎಂದರು.

ರೇಣುಕಪ್ರಸಾದರು ಹೇಳಿದ್ದು ಸುಳ್ಳು. ಅವರು ಅದನ್ನು ಎಷ್ಟೋ ಸಲ ಹೇಳಿ ಅರ್ಧ ನಂಬಿಯೂ ಇದ್ದರು. ಆದರೆ ಆ ವಾರವಿಡೀ ಅಂಗಡಿಯಲ್ಲಿ ಕೂತು, ಶುಂಠಿ ತೂಗಿಸುತ್ತ, ಆ ಬೆಳಗನ್ನು ಮತ್ತೆ ಮತ್ತೆ ನೋಡಿದರು. ಆನೆ ನಲವತ್ತು ಹೆಜ್ಜೆ ದೂರದಲ್ಲಿ ರಸ್ತೆಗೆ ಅಡ್ಡ ನಿಂತಿತ್ತು. ಕಿವಿ ಬೀಸಿತು. ಒಂದೇ ಒಂದು ಹೆಜ್ಜೆ ಈ ಕಡೆ ಇಟ್ಟಿತು. ಅಷ್ಟರಲ್ಲಿ ಇವರ ಕೈಗೆ ಪಿಸ್ತೂಲು ಬಂದಿತ್ತು. ಆಮೇಲೆ ಆನೆ ತಲೆ ಪಕ್ಕಕ್ಕೆ ಹೊರಳಿಸಿ ಮುಂಗಾಲನ್ನು ರಸ್ತೆ ಬದಿಯ ಮಣ್ಣಿನ ಬರೆಯ ಮೇಲಿಟ್ಟಿತು. ಹೋಗುತ್ತಿತ್ತು. ಇನ್ನೊಂದು ಕ್ಷಣ ಕಾದಿದ್ದರೆ ಹಾರಿಸಲು ಕಾರಣವೇ ಉಳಿಯುತ್ತಿರಲಿಲ್ಲ. ಅದಕ್ಕೇ ಅವರು ಕಾಯಲಿಲ್ಲ. ನಾಲ್ಕು ವರ್ಷ ಎಣ್ಣೆ ಹಚ್ಚಿ ಇಟ್ಟುಕೊಂಡದ್ದಕ್ಕೆ ಒಂದು ಸಂದರ್ಭ ಬಂದಿತ್ತು, ಅದು ಕಣ್ಣೆದುರೇ ಕೈತಪ್ಪಿ ಹೋಗುತ್ತಿತ್ತು. ಕೈಯನ್ನು ಕಿಟಕಿಯಿಂದ ಆಚೆ ಚಾಚುವಷ್ಟೂ ತಾಳ್ಮೆ ಇರಲಿಲ್ಲ. ಪಿಸ್ತೂಲಿನ ಬಾಯಿ ಜೀಪಿನ ಒಳಗೇ ಇತ್ತು. ಗುಂಡು ಕಿಟಕಿಯಿಂದ ಆಚೆ ಹೋಯಿತು, ಸದ್ದೆಲ್ಲ ಒಳಗೇ ಸಿಡಿಯಿತು.

ಮೈಸೂರಿನ ಕಿವಿಯ ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು. ಸರ್ವಮಂಗಳರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಎಡಗಿವಿಗೆ ಆಕೆ ಟಕಟಕ ಒತ್ತಿದರು. ಬಲಗಿವಿಯ ಸರದಿ ಬಂದಾಗ ಹೊರಗೆ ನಿಂತ ರೇಣುಕಪ್ರಸಾದರು ಆಕೆಯ ಬೆರಳನ್ನೇ ನೋಡುತ್ತಿದ್ದರು. ಬೆರಳು ಗುಂಡಿಯ ಮೇಲೆ ಕಾಯುತ್ತ ಹಾಗೇ ಇತ್ತು. ಪಾಠ ಒಪ್ಪಿಸಲಾಗದ ವಿದ್ಯಾರ್ಥಿಯ ಹಾಗೆ ಆಕೆ ಮುಖ ಎತ್ತಿ ಹೊರಗೆ ನೋಡಿದರು.

"ಒಳಗಿವಿಯ ನರಕ್ಕೆ ಪೆಟ್ಟಾಗಿದೆ" ಎಂದರು ಡಾಕ್ಟರು. "ಭಾರಿ ಸದ್ದು ಯಾವುದಾದ್ರೂ?"

ಸರ್ವಮಂಗಳ ಗಂಡನ ಕಡೆ ನೋಡಿದರು. ಒಂಬತ್ತು ವರ್ಷಗಳ ಹಿಂದೆ ಇವರು ಹೆದರಿ ತಪ್ಪಿಸಿದ್ದ ಪ್ರಶ್ನೆ ಅದು. "ನಾನು ಪಿಸ್ತೂಲು ಹಾರಿಸಿದೆ" ಎಂದರು ರೇಣುಕಪ್ರಸಾದರು. "ಜೀಪಿನ ಒಳಗೆ. ಇವಳ ಪಕ್ಕದಲ್ಲಿ."

ಡಾಕ್ಟರು ಬರೆದುಕೊಂಡರು. ಬೈಯಲಿಲ್ಲ. "ಆಗ್ಲೇ, ಮೊದಲ ಒಂದೆರಡು ವಾರದಲ್ಲಿ ಬಂದಿದ್ರೆ ಔಷಧಿ ಕೊಟ್ಟು ಪ್ರಯತ್ನ ಮಾಡಬಹುದಿತ್ತು. ಖಂಡಿತ ಅಂತ ಹೇಳಕ್ಕಾಗಲ್ಲ. ಸ್ವಲ್ಪವಾದ್ರೂ ಉಳೀತಿತ್ತೇನೋ. ಈಗ ಏನೂ ಮಾಡಕ್ಕಾಗಲ್ಲ."

ಮೈಸೂರಿಗೆ ಅವರು ಜೀಪು ತಂದಿರಲಿಲ್ಲ, ವಾಪಸಿಗೂ ಬಸ್ಸು ಹಿಡಿದರು. ರೇಣುಕಪ್ರಸಾದರು ಯೋಚಿಸಿ ಆಕೆಯ ಎಡಕ್ಕೆ ಕೂತರು. ಹುಣಸೂರು ದಾಟಿದ ಮೇಲೆ ಹೇಳಿದರು, "ಆನೆ ಬರ್ತಿರ್ಲಿಲ್ಲ ಮಂಗಳಾ. ತಿರುಗಿತ್ತು. ನಾನು ಸುಮ್ನೆ ಹೊಡೆದೆ."

"ಗೊತ್ತು" ಎಂದರು ಸರ್ವಮಂಗಳ. "ಅದರ ಬೆನ್ನು ಕಂಡಿತ್ತು ನಂಗೆ. ನಾನೂ ಅಲ್ಲೇ ಇದ್ನಲ್ಲ."

"ಗೊತ್ತಿದ್ದೂ..."

"ಮೊದಲು ಸಿಟ್ಟು ಬಂದಿತ್ತು. ನೀವು ಜಗಲೀಲಿ ಕೂತು ಆ ಕಥೆ ಹೇಳೋವಾಗ ಎದ್ದು ನಿಂತು ಹೇಳಿಬಿಡ್ಲಾ ಅನ್ನಿಸೋದು. ಆದ್ರೆ ಅಷ್ಟು ಜನ ನಿಮ್ಮ ಮಾತು ಕೇಳೋದು ನಾನು ಎಲ್ಲೂ ನೋಡಿರ್ಲಿಲ್ಲ. ಹಾಳಾಗಿ ಹೋಗ್ಲಿ, ಹೇಳಿಕೊಳ್ಳಲಿ ಅಂತ ಬಿಟ್ಟೆ." ಆಕೆ ಕಿಟಕಿಯ ಆಚೆ ನೋಡಿದರು. "ಆಮೇಲೆ ಅದು ಅಭ್ಯಾಸ ಆಯ್ತು. ಸಿಟ್ಟಲ್ಲ, ಒಂಥರಾ ಬೇಜಾರು."

"ತಪ್ಪಾಯ್ತು ಕಣೇ. ಅದನ್ನ ಮಾರಿಬಿಡ್ತೀನಿ. ನಾಳೇನೇ."

"ಮಾರಿದ್ರೆ ನಿಮಗೆ ಹಗುರ ಆಗುತ್ತೆ. ನಂಗೇನಾಗುತ್ತೆ?" ಎಂದರು ಸರ್ವಮಂಗಳ. ದನಿಯಲ್ಲಿ ಕಟುವಿರಲಿಲ್ಲ, ಅದೇ ಅವರನ್ನು ಚುಚ್ಚಿತು. "ಇಟ್ಕೊಳ್ಳಿ. ನನಗೆ ತಪ್ಪಾಯ್ತು ಅಂದಿದ್ದು ಸರಿ. ಆದ್ರೆ ಕಥೆ ಹೇಳಿದ್ದು ನನಗಲ್ಲವಲ್ಲ. ಕೇಳಿದೋರಿಗೆ ಹೇಳಿ."

ಮಾರ್ಚಿನಲ್ಲಿ ಚುನಾವಣೆ ಘೋಷಣೆಯಾಗಿ ಲೈಸೆನ್ಸಿನ ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬಂತು. ಬೇರೆ ಸಲ ಗೊಣಗಿಕೊಂಡು ಹೋಗುತ್ತಿದ್ದ ರೇಣುಕಪ್ರಸಾದರು ಈ ಸಲ ಮೊದಲ ದಿನವೇ ಕೊಟ್ಟು ರಸೀದಿ ತೆಗೆದುಕೊಂಡರು. ಅದು ಮನೆಯಲ್ಲಿಲ್ಲ ಎಂಬುದೇ ಒಂದು ಬಿಡುಗಡೆ. ಜೂನಿನಲ್ಲಿ ಚುನಾವಣೆ ಮುಗಿದು ಎಲ್ಲರೂ ತಮ್ಮ ತಮ್ಮದನ್ನು ತಂದುಕೊಂಡರೂ ಇವರು ಹೋಗಲಿಲ್ಲ.

ಆ ಬೇಸಿಗೆಯಲ್ಲಿ ಸರ್ವಮಂಗಳ ಡ್ರೈವಿಂಗ್ ಶಾಲೆಗೆ ಸೇರಿದರು. ಐವತ್ತೇಳರ ಮೇಡಂ, ಜೊತೆಗೆ ಕಲಿಯುವವರೆಲ್ಲ ಕಾಲೇಜಿನ ಮಕ್ಕಳು. ಅವರಲ್ಲೊಬ್ಬಳು, ಸ್ಪಂದನಾ ಎಂಬವಳು, ಈಕೆಯ ಹತ್ತಿರವೇ ಎರಡನೇ ಕ್ಲಾಸು ಓದಿದ್ದವಳು, ಬಲಗಡೆಯಿಂದ ಗಾಡಿ ಬಂದರೆ "ಮೇಡಂ, ಬಲಕ್ಕೆ!" ಎಂದು ಹಿಂದಿನ ಸೀಟಿನಿಂದ ಕೂಗುತ್ತಿದ್ದಳಂತೆ. ಯಾಕೆ ಈ ವಯಸ್ಸಲ್ಲಿ ಎಂದು ಗಂಡ ಕೇಳಿದ್ದಕ್ಕೆ ಆಕೆ, "ನಾನು ಓಡಿಸಿದ್ರೆ ನೀವು ಎಡಕ್ಕೆ ಬರ್ತೀರಲ್ಲ. ನೀವು ಏನು ಹೇಳ್ತಿದ್ರಿ ಇಷ್ಟು ವರ್ಷ ಅಂತ ಕೇಳೋಣ" ಎಂದರು. ತಮಾಷೆಗೆ ಹೇಳಿದ್ದೋ ಅಲ್ಲವೋ ಅವರಿಗೆ ತಿಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬಂತು. ಕೊಡವರ ಮನೆಗಳಲ್ಲಿ ಕೋವಿ, ಕತ್ತಿಗಳಿಗೆ ಪೂಜೆಯಾಗುವ ಹಬ್ಬ. ಬಿಟ್ಟಂಗಾಲದಲ್ಲಿ ಪ್ರತಿ ವರ್ಷದಂತೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ ಮುಗಿಸಿ ಎಲ್ಲರೂ ಜಗಲಿಗೆ ಬಂದರು. ಬೋಜಪ್ಪನವರು ಆರಾಮ ಕುರ್ಚಿಯಲ್ಲಿ, ದೇರಪ್ಪನವರು ಕಂಬಕ್ಕೆ ಒರಗಿ, ಇನ್ನು ಏಳೆಂಟು ಜನ ನೆಂಟರಿಷ್ಟರು.

"ಏನು ರೇಣುಕಾ, ಫಿರಂಗಿ ತಂದಿಲ್ವಾ?" ಎಂದರು ದೇರಪ್ಪ. "ಆನೆ ಕಥೆ ಆದ್ರೂ ಹೇಳು. ನನ್ನ ಅಳಿಯ ಕೇಳಿಲ್ಲ."

ರೇಣುಕಪ್ರಸಾದರು ಎದ್ದು ನಿಂತರು. ಯಾವಾಗಲೂ ಕೂತೇ ಹೇಳುತ್ತಿದ್ದವರು. "ಆ ಕಥೆ ಸುಳ್ಳು" ಎಂದರು. "ಆನೆ ನಮ್ಮ ಮೇಲೆ ಬರ್ತಿರ್ಲಿಲ್ಲ. ತಿರುಗಿ ಹೋಗ್ತಿತ್ತು. ನಾನು ಆಸೆಗೆ ಹೊಡೆದೆ. ಅದರಿಂದ ಮಂಗಳಾಳ ಬಲಗಿವಿ ಹೋಯ್ತು. ಡಾಕ್ಟರ ಹತ್ರ ಹೋಗೋಣ ಅಂದ್ಲು, ಲೈಸೆನ್ಸ್ ಹೋಗುತ್ತೆ ಅಂತ ನಾನೇ ಬೇಡ ಅಂದೆ."

ಮೆಲ್ಲಗೆ ಹೇಳಿದ್ದರು, ತಮ್ಮ ಸಹಜ ದನಿಯಲ್ಲಿ. ಬೋಜಪ್ಪನವರು ಕಿವಿಯ ಹಿಂದೆ ಕೈ ಇಟ್ಟು ಮುಂದಕ್ಕೆ ಬಾಗಿದರು. "ಏನಂದಿ? ಜೋರಾಗಿ ಹೇಳೋ."

"ಏನೋ ಆನೆ ಹೋಯ್ತು ಅಂದ" ಎಂದರು ದೇರಪ್ಪ. ಅವರೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಐವತ್ತು ವರ್ಷ ಕೋವಿಯ ಪಕ್ಕ ಕಳೆದ ಆ ಜಗಲಿಯಲ್ಲಿ ಅರ್ಧ ಜನರ ಕಿವಿ ಮಂದ. ಯಾರೋ ಆಗಲೇ ನಗಲು ಶುರುಮಾಡಿದರು, ಕಥೆ ಎಂದುಕೊಂಡು.

ರೇಣುಕಪ್ರಸಾದರು ಉಸಿರೆಳೆದುಕೊಂಡು ಕೂಗಿದರು. "ಆನೆ ತಿರುಗಿತ್ತು ಮೇಜರ್ರೇ! ನಾನು ಸುಮ್ನೆ ಹೊಡೆದೆ! ನನ್ನ ಹೆಂಡತಿ ಕಿವಿ ತೆಗೆದೆ ನಾನು! ಒಂಬತ್ತು ವರ್ಷ ಅದನ್ನೇ ನಿಮಗೆಲ್ಲ ಶೌರ್ಯ ಅಂತ ಹೇಳಿದೆ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಾಗಿಲಲ್ಲಿ ಪೊನ್ನಮ್ಮ, ಅವರ ಹಿಂದೆ ಸರ್ವಮಂಗಳ ಕಾಣಿಸಿಕೊಂಡರು. ಜನ್ಮದಲ್ಲಿ ಅಷ್ಟು ಜೋರಾಗಿ ಮಾತಾಡಿರದ ರೇಣುಕಪ್ರಸಾದರ ಗಂಟಲು ಒಡೆದಿತ್ತು. ದೇರಪ್ಪನವರ ಅಳಿಯ ಮೊಬೈಲು ನೋಡತೊಡಗಿದ.

ಫಾರ್ಟಿ ಫೈವನ್ನು ಜರಿಯಲು ಸಿಕ್ಕ ಅವಕಾಶ ಒಂದನ್ನೂ ಬಿಡದ ದೇರಪ್ಪ ಈಗ ನೆಲ ನೋಡುತ್ತ, "ಗುಂಡಿನ ತಪ್ಪಲ್ಲ ಅದು" ಎಂದಷ್ಟೇ ಹೇಳಿದರು. ಸಮಾಧಾನಕ್ಕೆ ಹೇಳಿದ್ದೋ ಆರೋಪವಾಗಿ ಹೇಳಿದ್ದೋ. ಎರಡರಲ್ಲಿ ಯಾವುದಾದರೂ ಅದು ಸರಿಯಾಗಿಯೇ ಇತ್ತು. ಬೋಜಪ್ಪನವರು ಕುರ್ಚಿಯ ತೋಳು ಹಿಡಿದು ಎದ್ದು, ಸರ್ವಮಂಗಳರ ಹತ್ತಿರ ಹೋಗಿ, "ನಾನು ಕೊಟ್ಟಿದ್ದಲ್ವಾ ಅದು ತಾಯಿ" ಎಂದರು. ಅವರು ನಿಂತದ್ದು ಆಕೆಯ ಬಲಕ್ಕೆ. ಆಕೆಗೆ ಕೇಳಿಸಲಿಲ್ಲ. ಪೊನ್ನಮ್ಮ ಗಂಡನ ಭುಜ ಹಿಡಿದು ಆಕೆಯ ಎಡಬದಿಗೆ ಕರೆತಂದರು.

ಆ ದಿನದ ನಂತರ ಜಗಲಿಯಲ್ಲಿ ರೇಣುಕಪ್ರಸಾದರಿಗೆ ಮೊದಲಿನ ಜಾಗ ಉಳಿಯಲಿಲ್ಲ. ಯಾರೂ ಅವಮಾನ ಮಾಡಲಿಲ್ಲ. ಕರೆಯುತ್ತಾರೆ, ಊಟ ಹಾಕುತ್ತಾರೆ. ಆದರೆ ಮಾತು ಬಂದೂಕಿನ ಕಡೆ ತಿರುಗಿದಾಗ ಅವರತ್ತ ಯಾರೂ ನೋಡುವುದಿಲ್ಲ. ಅದು ತಮಗೆ ತಕ್ಕದ್ದೇ ಎಂದು ಅವರು ಸುಮ್ಮನಿರುತ್ತಾರೆ. ಹಿಂದೆ ಶಾಲೆಯಲ್ಲಿ ಸುಮ್ಮನಿದ್ದಾಗ ಆಗುತ್ತಿದ್ದ ಸಂಕಟ ಈಗ ಆಗುವುದಿಲ್ಲ. ಸಂಕಟವೆಲ್ಲ ಬೇರೆ ಕಡೆ ಹೋಗಿದೆ. ಮನೆಯಲ್ಲಿ ಕುಕ್ಕರು ಕೂಗಿದಾಗ ಆಕೆ ಒಲೆಯ ಕಡೆ ನೋಡದೆ ಬಾಗಿಲ ಕಡೆ ನೋಡುವುದನ್ನು ಕಂಡರೆ ಅವರು ಕೈಲಿದ್ದ ಪೇಪರು ಮಡಿಸಿಟ್ಟು ತಾವೇ ಒಲೆಯ ಕಡೆ ಎದ್ದು ಹೋಗುತ್ತಾರೆ.

ಅಕ್ಟೋಬರಿನಲ್ಲಿ ಠಾಣೆಯಿಂದ ಫೋನು ಬಂತು. "ಸರ್, ನಿಮ್ಮದೊಂದೇ ಉಳಿದಿರೋದು. ತಗೊಂಡು ಹೋಗಿ, ನಮಗೆ ಜಾಗ ಇಲ್ಲ." ಸರ್ವಮಂಗಳ ಜೀಪು ಓಡಿಸಿಕೊಂಡು ಬಂದು ಹೊರಗೆ ಕಾದರು. ಒಳಗೆ ಪೊಲೀಸಿನವನು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು, ಸುತ್ತಿದ್ದ ಬಟ್ಟೆ ಬಿಚ್ಚಿ, ಪಿಸ್ತೂಲನ್ನೂ ಗುಂಡುಗಳನ್ನೂ ಎದುರಿಗಿಟ್ಟ. "ಎಂಥ ಗುಂಡು ಸರ್ ಇದು! ನಮ್ಮದಕ್ಕಿಂತ ದಪ್ಪ" ಎಂದು ಒಂದನ್ನು ಬೆರಳಲ್ಲಿ ಹಿಡಿದು ತಿರುಗಿಸಿದ.

ರೇಣುಕಪ್ರಸಾದರು ಪಿಸ್ತೂಲು ಎತ್ತಿಕೊಂಡರು. ಏಳು ತಿಂಗಳು ಮುಟ್ಟಿರಲಿಲ್ಲ. ಆ ಭಾರ ಅಂಗೈಗೆ ಬಂದು ಕೂತ ಕೂಡಲೇ ಕೈ ಅದನ್ನು ಗುರುತು ಹಿಡಿಯಿತು. ಮೈಯಲ್ಲಿ ಹಳೆಯ ಸುಖವೊಂದು ಸಣ್ಣಗೆ ಹರಿಯಿತು. ಪೊಲೀಸಿನವನ ಮೆಚ್ಚುಗೆಗೆ ಬಾಯಿ ತಾನಾಗಿಯೇ ಉತ್ತರ ಹುಡುಕತೊಡಗಿತು. ಅವರು ತುಟಿ ಕಚ್ಚಿಕೊಂಡರು. ಎಲ್ಲವನ್ನೂ ಚೀಲಕ್ಕೆ ಹಾಕಿ, ಬೇಗ ಹೊರಗೆ ಬಂದು ಆಕೆಯ ಎಡಕ್ಕೆ ಕೂತರು.

ಕಾವೇರಿಯ ಸೇತುವೆಯ ಹತ್ತಿರ ಬಂದಾಗ ಹೇಳಿದರು, "ಮಂಗಳಾ, ಕೈಗೆ ತಗೊಂಡಾಗ ನಂಗೆ ಖುಷಿ ಆಯ್ತು. ಇಷ್ಟೆಲ್ಲ ಆದ್ಮೇಲೂ. ನಾಚಿಕೆಯಾಗುತ್ತೆ, ಆದ್ರೆ ಆಯ್ತು."

ಸರ್ವಮಂಗಳ ಎದುರಿನ ಲಾರಿಗೆ ದಾರಿ ಬಿಟ್ಟು, ಗೇರು ಬದಲಿಸಿದರು. ಆಕೆಗೆ ಕೇಳಿಸಿದೆಯೆಂದು ರೇಣುಕಪ್ರಸಾದರಿಗೆ ಗೊತ್ತಿತ್ತು.

"ಅದನ್ನ ತೊಡೆ ಮೇಲಿಂದ ತೆಗೆದು ಹಿಂದಿನ ಸೀಟಲ್ಲಿಡಿ" ಎಂದರು ಕೊನೆಗೆ. "ಆಮೇಲೆ ಇನ್ನೇನು ಹೇಳ್ಬೇಕೋ ಹೇಳಿ. ಕೇಳ್ತಿದ್ದೀನಿ."